ಹಾಲು ಯಾರ ಪಾಲು?

ಬಿಜಾಪುರ ಸೀಮೆಯ ಚರಿತ್ರೆ ಎಂದ ಕೂಡಲೇ ನಮ್ಮ ಪಂಡಿತರು ಗೋಲಗುಮ್ಮಟಕ್ಕೆ ಓಡುತ್ತಾರೆ. ಆದಿಲಶಾಹಿಗಳ ವಂಶಾವಳಿ ಬರೆಯುತ್ತಾರೆ, 1565ರ ತಾಳಿಕೋಟಿ ಯುದ್ಧದಲ್ಲಿ ಎಷ್ಟು ಆನೆ ಎಷ್ಟು ಕುದುರೆ ಎಂದು ಎಣಿಸುತ್ತಾರೆ. ಆ ಕುದುರೆಗಳಿಗೆ ಏನು ಮೇವು ಹಾಕಿದರು ಎಂಬುದಕ್ಕೂ ಅಲ್ಲಲ್ಲಿ ದಾಖಲೆ ಸಿಕ್ಕೀತು. ಆದರೆ ಅದೇ ಮಣ್ಣಿನಲ್ಲಿ ಆರು ತಿಂಗಳು ದಾಟಿದ ಕೂಸಿನ ಬಾಯಿಗೆ ಏನು ಬಿತ್ತು ಎಂದು ಕೇಳಿ ನೋಡಿ, ಯಾರೂ ಬಾಯಿ ಬಿಡುವುದಿಲ್ಲ. ಅದು ಹೆಂಗಸರ ಮಾತು, ಅಡಿಗೆಮನೆಯ ಮಾತು, ಅದರಲ್ಲೂ ಕೇರಿಯ ಮಾತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲೂಕುಗಳಲ್ಲಿ, ದಲಿತ ಕೇರಿಗಳಲ್ಲಿ, ತಾಂಡಾಗಳಲ್ಲಿ, ಕೂಲಿಕಾರರ ಗುಡಿಸಲುಗಳಲ್ಲಿ ಆ ಕೂಸಿನ ಬಟ್ಟಲಿಗೆ ಏನು ಬಂತು, ಏನು ಬರಲಿಲ್ಲ ಎಂಬುದನ್ನು ನಾವು ಇಲ್ಲಿ ಹುಡುಕಲು ಹೊರಟಿದ್ದೇವೆ. 2002ರಲ್ಲಿ ನಂಜುಂಡಪ್ಪ ಸಮಿತಿ ಕೊಟ್ಟ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಈ ನಾಲ್ಕೂ ಇದ್ದವು. ರಸ್ತೆ, ಕಾಲೇಜು, ಬ್ಯಾಂಕುಗಳ ಲೆಕ್ಕದಿಂದ ಆ ಪಟ್ಟಿ ಆಯಿತು. ಹಿಂದುಳಿಯುವುದು ಅದಕ್ಕೂ ಮೊದಲು, ತಾಯಿಯ ಮಡಿಲಲ್ಲೇ ಸುರುವಾಗುತ್ತದೆ ಎಂಬುದು ನಮ್ಮ ಮಾತು.

ಮೊದಲು ಶರೀರದ ಲೆಕ್ಕ ಹೇಳಿಬಿಡೋಣ, ಇದು ಮೇಷ್ಟ್ರುಗಳು ಊರಲ್ಲಿ ಹೇಳಬೇಕಾದ ಲೆಕ್ಕ. ಹುಟ್ಟಿದ ಕೂಸಿಗೆ ಆರು ತಿಂಗಳವರೆಗೆ ಎದೆಹಾಲು ಸಾಕು, ನೀರೂ ಬೇಡ. ಆಮೇಲೆ ಎರಡು ವರ್ಷದವರೆಗೂ ಎದೆಹಾಲು ಇರಬೇಕು, ಆದರೆ ಅದೊಂದೇ ಸಾಲದು. ಹೊಟ್ಟೆಯೊಳಗಿದ್ದಾಗ ತಾಯಿಯ ರಕ್ತದಿಂದ ಕೂಸು ಕಟ್ಟಿಕೊಂಡು ಬಂದ ಕಬ್ಬಿಣದ ಗಂಟು ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ತಾಯಿಗೇ ರಕ್ತ ಕಡಿಮೆ ಇದ್ದರೆ ಆ ಗಂಟೂ ಚಿಕ್ಕದು, ಬೇಗ ಮುಗಿಯುತ್ತದೆ. ಆಗ ಕೂಸಿಗೆ ಹೊರಗಿನ ಅನ್ನ ಬೇಕು, ಕಬ್ಬಿಣವಿರುವ ಅನ್ನ ಬೇಕು. ಇಲ್ಲಿಯೇ ಜನ 'ಹಾಲು ಕುಡಿಸಿರಿ, ಹಾಲಿನಾಗ ಎಲ್ಲಾ ಐತಿ' ಎನ್ನುತ್ತಾರೆ. ಇಲ್ಲ, ಹಾಲಿನಲ್ಲಿ ಎಲ್ಲಾ ಇಲ್ಲ. ಆಕಳದಾಗಲಿ ಎಮ್ಮೆಯದಾಗಲಿ ಒಂದು ಲೀಟರು ಹಾಲು ಕುಡಿಸಿದರೂ ಒಂದು ಮಿಲಿಗ್ರಾಂ ಕಬ್ಬಿಣ ಸಿಗುವುದಿಲ್ಲ. ವರ್ಷ ತುಂಬದ ಕೂಸಿಗೆ ಹಾಲನ್ನೇ ಮುಖ್ಯ ಆಹಾರ ಮಾಡಿದರೆ ಹೊಟ್ಟೆ ಹಾಲಿನಿಂದಲೇ ತುಂಬಿ ಬೇರೆ ಅನ್ನಕ್ಕೆ ಜಾಗ ಉಳಿಯುವುದಿಲ್ಲ, ಕೆಲವು ಕೂಸುಗಳ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರುತ್ತದೆ. ಆಡಿನ ಹಾಲಿನಲ್ಲಿ ಕಬ್ಬಿಣ ಕಡಿಮೆಯಿರುವುದರ ಜೊತೆಗೆ ಫೋಲಿಕ್ ಆಮ್ಲವೂ ಬಹಳ ಕಡಿಮೆ. ನೀರು ಬೆರೆಸಿದ ಹಾಲಂತೂ ಹೊಟ್ಟೆ ತುಂಬಿದಂತೆ ಮಾಡಿ ಕೂಸನ್ನು ಮೋಸ ಮಾಡುತ್ತದೆ, ಬೆರೆಸಿದ ನೀರು ಕೆಟ್ಟದ್ದಾದರೆ ವಾಂತಿಭೇದಿ ಬೇರೆ.

ಹಾಗೆಂದು ಹಾಲು ವಿಷವಲ್ಲ. ಅದರಲ್ಲಿ ಸುಣ್ಣದ ಅಂಶವಿದೆ, ಒಳ್ಳೆಯ ಪ್ರೋಟೀನು ಇದೆ, ಎಮ್ಮೆ ಹಾಲಿನಲ್ಲಿ ಜಿಡ್ಡು ಆಕಳ ಹಾಲಿಗಿಂತ ಹೆಚ್ಚು. ಎದೆಹಾಲು ಸಿಗದ ಕೂಸಿಗೆ ಆರು ತಿಂಗಳ ಮೇಲೆ ಕಾಯಿಸಿದ ಪ್ರಾಣಿ ಹಾಲನ್ನು ಬೇರೆ ಅನ್ನದ ಜೊತೆಗೆ ಕೊಡಬಹುದೆಂದೂ, ವರ್ಷ ದಾಟಿದ ಮಕ್ಕಳಿಗೆ ಡಬ್ಬಿಯ 'ಫಾಲೋ ಅಪ್' ಪುಡಿ ಬೇಡವೇ ಬೇಡವೆಂದೂ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದೇ ಮಾತಿನಲ್ಲಿ ಮೊಟ್ಟೆ, ಮಾಂಸ, ಮೀನು ದಿನಾಲೂ ಕೂಸಿಗೆ ಸಿಗಬೇಕೆಂದೂ ಹೇಳಿದೆ. ಈ ಎರಡನೆಯ ಮಾತನ್ನು ನಮ್ಮ ನಾಡಿನಲ್ಲಿ ಗಟ್ಟಿಯಾಗಿ ಹೇಳುವವರು ಕಡಿಮೆ. ಯಾಕೆ ಎಂದು ಮುಂದೆ ನೋಡೋಣ.

ಈಗ ಚರಿತ್ರೆಗೆ ಬರೋಣ. 1876ರಿಂದ 1878ರವರೆಗಿನ ಬರ ಮುಂಬಯಿ ಪ್ರಾಂತದಲ್ಲಿ ಹೆಚ್ಚು ತಿಂದದ್ದು ನಮ್ಮ ಜಿಲ್ಲೆಗಳನ್ನು. ಆಗ ಈ ಜಿಲ್ಲೆಯ ಹೆಸರು ಕಲಾದಗಿ. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜನ 1881ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗೆ ಇಳಿದರು. 'ಡೋಣಿ ಬೆಳೆದ್ರ ಓಣೆಲ್ಲ ಜೋಳ' ಎಂಬ ಗಾದೆಯ ಸೀಮೆ ಇದು. ಡೋಣಿ ಬೆಳೆಯದಿದ್ದರೆ ಏನು ಎಂಬುದಕ್ಕೆ ಗಾದೆ ಬೇಕಾಗಿಲ್ಲ, ಆ ಎರಡು ಜನಗಣತಿಗಳೇ ಸಾಕು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಸಾಹೇಬ ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೆ ಒಂದಾಣೆ ಸಾಕು ಎಂದು ಗೊತ್ತುಮಾಡಿದ. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಇಷ್ಟರಲ್ಲಿ ಮನುಷ್ಯ ಬದುಕುವುದಿಲ್ಲ ಎಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ತಕರಾರು ಮಾಡಿದ. ಒಂದು ಪೌಂಡಿಗಿಂತ ಕಡಿಮೆ ಕಾಳು ತಿಂದು ಬುಟ್ಟಿ ಹೊತ್ತ ತಾಯಿಯ ಎದೆಯಲ್ಲಿ ಎಷ್ಟು ಹಾಲು ಇಳಿದೀತು ಎಂದು ನಾವು ಊಹಿಸಬೇಕಷ್ಟೆ. ಆ ಬರದಲ್ಲಿ ದನಕರುಗಳೂ ಲೆಕ್ಕವಿಲ್ಲದಷ್ಟು ಸತ್ತವು. ಹಯನು ಹೋಯಿತು. ಮಳೆ ಬಂದ ಮೇಲೆ ಹೊಸದಾಗಿ ಎಮ್ಮೆ ಕೊಳ್ಳುವ ತಾಕತ್ತು ಇದ್ದದ್ದು ಹೊಲ ಇದ್ದವರಿಗೆ, ಸಾಲ ಹುಟ್ಟುವವರಿಗೆ.

ಅಲ್ಲಿಂದ ಮುಂದಿನ ಕಥೆ ಪಾಲಿನ ಎಮ್ಮೆಯ ಕಥೆ. ಗೌಡರು, ಕುಲಕರ್ಣಿಗಳು, ದೊಡ್ಡ ಒಕ್ಕಲಿನವರು ಕರು ಕೊಡುವುದು, ಕೇರಿಯವರು ಮೇಯಿಸಿ ದೊಡ್ಡದು ಮಾಡುವುದು. ಈದ ಮೇಲೆ ಎಮ್ಮೆ ಒಡೆಯನ ಹಟ್ಟಿಗೆ, ಇಲ್ಲವೇ ಬೆಲೆಯ ಅರ್ಧ ಒಡೆಯನಿಗೆ. ಸಿಂದಗಿ ಕಡೆಯ ಒಬ್ಬ ಆಯಿ ನಮ್ಮ ಮುಂದೆ ಹೇಳಿದ್ದು ಇಷ್ಟೇ: "ಎಮ್ಮಿ ನಮ್ಮ ಹಟ್ಟ್ಯಾಗ ಇತ್ತರಿ, ಹಾಲು ಗೌಡ್ರ ಮನ್ಯಾಗ ಇತ್ತು. ನಮ್ಮ ಕೂಸಿಗೆ ಮಜ್ಜಿಗಿ ಕೇಳಾಕ ಹ್ವಾದ್ರ ಮ್ಯಾಲಿಂದ ಸುರೀತಿದ್ರು, ಅರ್ಧ ನೆಲಕ್ಕ ಬೀಳತಿತ್ತು." ಸಗಣಿ ಬಳಿದ ಕೈ, ಮೇವು ತಂದ ತಲೆ, ಕೊಟ್ಟಿಗೆ ಗುಡಿಸಿದ ಸೊಂಟ ಇವಕ್ಕೆ ಮೈಲಿಗೆ ಇರಲಿಲ್ಲ. ಹಾಲಿನ ಗಡಿಗೆ ಮುಟ್ಟಿದರೆ ಮೈಲಿಗೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳ ಭಾಗ ಬೂಸಾ ಎಂದದ್ದಕ್ಕೆ ಇಡೀ ನಾಡು ಹೊತ್ತಿ ಉರಿಯಿತು, ಅವರ ಮಂತ್ರಿ ಪದವಿಯೇ ಹೋಯಿತು. ಒಡೆಯನ ಎಮ್ಮೆಗೆ ನಿಜವಾದ ಬೂಸಾ ಕಲಸಿ ಇಟ್ಟು ತನ್ನ ಕೂಸಿಗೆ ನೀರಂಬಲಿ ಕುಡಿಸಿದ ತಾಯಂದಿರ ಸಲುವಾಗಿ ಯಾವ ಕಾಲೇಜೂ ಒಂದು ದಿನ ಬಂದ್ ಆಗಲಿಲ್ಲ.

ನಾಗರ ಪಂಚಮಿಗೆ ಕಲ್ಲಿನ ಹಾವಿಗೆ ಹಾಲು ಎರೆಯುವ ಜನರನ್ನು ಹನ್ನೆರಡನೆಯ ಶತಮಾನದಲ್ಲೇ ಗೇಲಿ ಮಾಡಿದ ಬಸವಣ್ಣ ಹುಟ್ಟಿದ್ದು ಇದೇ ಬಾಗೇವಾಡಿಯಲ್ಲಿ. ಅವನ ಹೆಸರಿನ ಊರಿನ ಸುತ್ತಲೂ ಇಂದಿಗೂ ಪಂಚಮಿಯ ದಿನ ಹುತ್ತದ ಬಾಯಿ ಹಾಲಿನಿಂದ ಒದ್ದೆಯಾಗುತ್ತದೆ. ಈಚೆಗೆ ಕೆಲವು ಸಂಘಟನೆಗಳು, ಕೆಲವು ಮಠದವರು ಆ ಹಾಲನ್ನು ಕೇರಿಯ ಮಕ್ಕಳಿಗೆ ಕುಡಿಸುವ ಕಾರ್ಯಕ್ರಮ ಮಾಡುತ್ತಾರೆ. ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಒಂದು ಲೋಟ ಹಾಲು, ಅದರ ಜೊತೆಗೊಂದು ಫೋಟೋ. ಉಳಿದ 364 ದಿನ ಆ ಮಕ್ಕಳು ಏನು ತಿನ್ನಬೇಕು ಎಂಬ ಪ್ರಶ್ನೆಯನ್ನು ಆ ಫೋಟೋದಲ್ಲಿ ನಿಂತವರು ಕೇಳಿದ್ದನ್ನು ನಾವು ಕಾಣೆವು.

ಹಾಲಿನ ಮಾತಾಡುವವರು ತಾಯಿಯ ಪುರುಸೊತ್ತಿನ ಮಾತು ಆಡುವುದಿಲ್ಲ. ಅದನ್ನು ಆಡಿದವರು ಬಾಬಾಸಾಹೇಬರು. 1928ರ ಜುಲೈಯಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅಂಬೇಡ್ಕರ್ ಅದರ ಪರ ನಿಂತರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಭಾರವನ್ನು ಸರಕಾರವೂ ಹೊರಬೇಕು, ಅವಳ ದುಡಿಮೆಯ ಲಾಭ ಉಂಡ ಮಾಲೀಕನೂ ಹೊರಬೇಕು ಎಂದು ವಾದಿಸಿದರು. 1929ರಲ್ಲಿ ಕಾಯ್ದೆಯಾಯಿತು. ನಮ್ಮ ಬಿಜಾಪುರ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಆದರೆ ಆ ಕಾಯ್ದೆ ಕಾರ್ಖಾನೆಯ ಹೆಣ್ಣಾಳಿಗೆ, ಹೊಲದ ಹೆಣ್ಣಾಳಿಗೆ ಅಲ್ಲ. ಕಾರ್ಖಾನೆಯಲ್ಲಾದರೂ ಏನು ನಡೆದಿತ್ತು? ಮುಂಬಯಿ ಗಿರಣಿಗಳಿಗೆ ಹೋಗುವ ತಾಯಂದಿರು ಕೂಸು ದಿನವೆಲ್ಲ ಮಲಗಲಿ ಎಂದು ಅಫೀಮು ಬೆರೆಸಿದ 'ಬಾಳಾಗೋಳಿ' ನುಂಗಿಸುತ್ತಿದ್ದರು. ಮಲಗಿದ ಕೂಸು ಅಳುವುದಿಲ್ಲ, ಅಳದ ಕೂಸಿಗೆ ಯಾರೂ ಉಣಿಸುವುದಿಲ್ಲ. ಓದಿದವರು ಇದನ್ನು ತಾಯಂದಿರ ಅಜ್ಞಾನ ಎಂದು ಬರೆದರು. ಹತ್ತು ತಾಸು ಮಗ್ಗದ ಮುಂದೆ ನಿಲ್ಲುವವಳಿಗೆ ಅಫೀಮಿನ ಬದಲು ಏನು ಕೊಟ್ಟಿದ್ದಿರಿ ಎಂದು ಕೇಳಬೇಕು. 1961ರ ಹೆರಿಗೆ ಭತ್ಯೆ ಕಾಯ್ದೆಯೂ ಜೋಳದ ಹೊಲಕ್ಕೆ ಇಳಿಯಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ತಾಯಿಗೂ ಆರು ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ಭತ್ಯೆ ಎಂದು ಬರೆಯಿತು. 2017ರಲ್ಲಿ ಕೇಂದ್ರದ ಯೋಜನೆ ಬಂದಾಗ ಅದು ಮೊದಲ ಕೂಸಿಗೆ ಮಾತ್ರ, ಐದೇ ಸಾವಿರ.

ಇನ್ನು ಪುಡಿಗಳ ಕಾಲ. ಸ್ವಾತಂತ್ರ್ಯ ಬಂದ ಮೇಲೆ ದೊಡ್ಡವರ ತಲೆಯಲ್ಲಿ ಹೊಕ್ಕ ಮಾತು 'ಪ್ರೋಟೀನ್ ಕೊರತೆ'. ಮೈಸೂರಿನ ಆಹಾರ ಸಂಶೋಧನಾಲಯ, ಸಿಎಫ್‌ಟಿಆರ್‌ಐ, ಶೇಂಗಾ ಹಿಟ್ಟು ಕಡಲೆ ಹಿಟ್ಟು ಕೂಡಿಸಿ 'ಮಲ್ಟಿಪರ್ಪಸ್ ಫುಡ್' ಮಾಡಿತು. ಶೇಂಗಾ ಪ್ರೋಟೀನನ್ನು ಹಾಲಿಗೆ ಬೆರೆಸಿ 'ಮಿಲ್ಟೋನ್' ಮಾಡಿತು. ಎಮ್ಮೆ ಹಾಲಿನಿಂದ ಕೂಸಿನ ಪುಡಿ ಆಗುವುದೇ ಇಲ್ಲ ಎಂದು ಹೇಳುತ್ತಿದ್ದ ವಿದೇಶಿ ತಜ್ಞರ ಬಾಯಿ ಮುಚ್ಚಿಸಿ ಅದನ್ನೂ ಮಾಡಿ ತೋರಿಸಿತು. ಗುಜರಾತಿನ ಅಮುಲ್ ಅದನ್ನು ಡಬ್ಬಿಯಲ್ಲಿ ತುಂಬಿ ದೇಶಕ್ಕೆಲ್ಲ ಮಾರಿತು. ವಿಜ್ಞಾನಿಗಳ ಶ್ರಮ ದೊಡ್ಡದು, ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಡಬ್ಬಿ ಕೊಳ್ಳುವ ರೊಕ್ಕ ಕೇರಿಯಲ್ಲಿ ಇರಲಿಲ್ಲ. ಯಾರೋ ಒಬ್ಬರು ಕೊಂಡರೆ ಒಂದು ಡಬ್ಬಿಯನ್ನು ತಿಂಗಳುಗಟ್ಟಲೆ ಎಳೆಯುತ್ತಿದ್ದರು, ಒಂದು ಚಮಚೆ ಪುಡಿಗೆ ಒಂದು ಚೆಂಬು ನೀರು. 1939ರಲ್ಲೇ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಸಿಂಗಾಪುರದಲ್ಲಿ ನಿಂತು, ಬಡವರ ಕೂಸಿಗೆ ಡಬ್ಬಿ ಹಾಲು ಮಾರುವುದು ಕೊಲೆಯೇ ಸರಿ ಎಂದು ಹೇಳಿದ್ದಳು. ಜಗತ್ತು ಅದನ್ನು ಕಿವಿಗೆ ಹಾಕಿಕೊಂಡು 1981ರಲ್ಲಿ ಅಂತರರಾಷ್ಟ್ರೀಯ ಸಂಹಿತೆ ಮಾಡಿತು, ನಮ್ಮ ದೇಶ 1992ರಲ್ಲಿ ಕಾಯ್ದೆ ಮಾಡಿತು. ಎರಡು ವರ್ಷದೊಳಗಿನ ಕೂಸಿನ ಡಬ್ಬಿ ಆಹಾರಕ್ಕೂ ಬಾಟಲಿಗೂ ಜಾಹೀರಾತು ಮಾಡಬಾರದೆಂಬುದು 2003ರ ತಿದ್ದುಪಡಿಯ ಮೇಲೆ ಇನ್ನೂ ಬಿಗಿಯಾಯಿತು.

ಬರದ ವರ್ಷಗಳಲ್ಲಿ ಅಮೆರಿಕದ ಹಾಲಿನ ಪುಡಿ, ಗೋಧಿ, ಕೇರ್ ಸಂಸ್ಥೆಯ ಉಪ್ಪಿಟ್ಟು ಬಂದವು. 1972ರ ಬರ ನೆನಪಿರುವ ಹಿರಿಯರಿಗೆ ಆ ಉಪ್ಪಿಟ್ಟಿನ ವಾಸನೆಯೂ ನೆನಪಿದೆ. ಅದರಿಂದ ಜೀವ ಉಳಿಯಿತು, ಸುಳ್ಳಲ್ಲ. ಆದರೆ ಅದು ಸಾಲೆಗೆ ನಡೆದು ಹೋಗುವ ಮಕ್ಕಳಿಗೆ. ಇನ್ನೊಂದು ಮಾತು, ಕೆನೆ ತೆಗೆದ ಹಾಲಿನಿಂದ ಕೆನೆಯ ಜೊತೆಗೆ ಎ ಜೀವಸತ್ವವೂ ಹೋಗಿರುತ್ತದೆ. ಇರುಳುಗುರುಡು ಇದ್ದ ನಾಡಿಗೆ ಕಣ್ಣಿನ ಸತ್ವ ಇಲ್ಲದ ಹಾಲು! 1970ರಿಂದ ಸರಕಾರ ಎ ಜೀವಸತ್ವದ ಹನಿ ಹಾಕಲು ಸುರುಮಾಡಿತು. ಒಂಬತ್ತು ತಿಂಗಳಿಗೆ ಒಂದು ಲಕ್ಷ ಯೂನಿಟ್ಟು, ಆಮೇಲೆ ಆರಾರು ತಿಂಗಳಿಗೆ ಎರಡು ಲಕ್ಷ. ಅದು ಕಣ್ಣು ಉಳಿಸಿದ ಕೆಲಸ. 1970ರ ದಶಕದ ನಡುವೆ ಪ್ರೋಟೀನಿನ ಗದ್ದಲವೂ ಕುಸಿಯಿತು. ಬಡ ಮಕ್ಕಳಿಗೆ ಕಡಿಮೆ ಬಿದ್ದಿರುವುದು ವಿಶೇಷ ಪ್ರೋಟೀನಲ್ಲ, ಒಟ್ಟು ಅನ್ನವೇ ಎಂದು ಹೈದರಾಬಾದಿನ ಗೋಪಾಲನ್ ಮುಂತಾದವರು ತೋರಿಸಿಕೊಟ್ಟರು. ನಮ್ಮ ಅವ್ವಂದಿರಿಗೆ ಇದು ಮೊದಲೇ ಗೊತ್ತಿತ್ತು, ಅವರನ್ನು ಯಾರೂ ಕೇಳಿರಲಿಲ್ಲ.

1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಬಂತು, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಮೂರು ವರ್ಷ ದಾಟಿದ ಮಗು ಅಲ್ಲಿ ಕುಳಿತು ಬಿಸಿ ಊಟ ಉಣ್ಣುತ್ತದೆ. ಆರು ತಿಂಗಳಿಂದ ಮೂರು ವರ್ಷದ ಕೂಸಿಗೆ ತಾಯಿಯ ಕೈಯಲ್ಲಿ ಪುಡಿಯ ಪೊಟ್ಟಣ. ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಎಂದು 2009ರ ನಿಯಮ. ಮನೆಗೆ ಹೋದ ಪೊಟ್ಟಣವನ್ನು ಐದು ಮಕ್ಕಳು ಹಂಚಿಕೊಳ್ಳುತ್ತಾರೆ, ರುಚಿ ಕೆಟ್ಟಿದ್ದರೆ ಎಮ್ಮೆಗೆ ಹೋಗುತ್ತದೆ. ಗುತ್ತಿಗೆದಾರರನ್ನು ಇದರಲ್ಲಿ ಸೇರಿಸಬಾರದೆಂದು ಸುಪ್ರೀಂ ಕೋರ್ಟು 2004ರ ಅಕ್ಟೋಬರಿನಲ್ಲಿ ಹೇಳಿತ್ತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು, ಸಾಲೆ ಮಕ್ಕಳಿಗೂ ಅಂಗನವಾಡಿ ಮಕ್ಕಳಿಗೂ 150 ಮಿಲಿಲೀಟರು ಹಾಲು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಹಾಲು ಮಹಾಮಂಡಳದ ಗೋದಾಮಿನಲ್ಲಿ ಪುಡಿ ರಾಶಿ ಬಿದ್ದಿದ್ದೂ ಇದಕ್ಕೊಂದು ಕಾರಣ. ಇರಲಿ, ಮಕ್ಕಳಿಗೆ ಸಿಕ್ಕಿತು. ಆದರೆ ರಕ್ತದ ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇದು 60.9 ಇತ್ತು. ಹಾಲಿನ ಲೋಟ ಹೆಚ್ಚಿತು, ರಕ್ತ ಹೆಚ್ಚಲಿಲ್ಲ. ಹಾಲಿನಿಂದ ಅದು ಹೆಚ್ಚುವಂಥದ್ದೂ ಅಲ್ಲ ಎಂದು ಮೊದಲೇ ಹೇಳಿದೆವು.

ರಕ್ತ ಹೆಚ್ಚಿಸುವ ಅನ್ನ ಕೇರಿಯಲ್ಲಿ ಇತ್ತು. ಮೊಟ್ಟೆ, ಲಿವರ್, ಹುರಿದ ರಕ್ತ, ಮಾಂಸದ ಕಟ್ಟು. ಮಾಂಸದಲ್ಲಿರುವ ಕಬ್ಬಿಣವನ್ನು ಕರುಳು ಸೊಪ್ಪಿನ ಕಬ್ಬಿಣಕ್ಕಿಂತ ಎಷ್ಟೋ ಸುಲಭವಾಗಿ ಹೀರುತ್ತದೆ. ಇದನ್ನೇ ಹೊಲಸು ಎಂದು ಕರೆದು ಹಾಲನ್ನು ಅಮೃತ ಎಂದರು. ಹಾಲು ಇದ್ದವರು ಯಾರು, ಹೊಲಸು ತಿಂದವರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಒಂದು ಮಾತು ಎಚ್ಚರದಿಂದ ಆಡಬೇಕು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿರಿ ಎಂದು ಕರೆಕೊಟ್ಟರು. ಅದು ಮಾನದ ಪ್ರಶ್ನೆ, ನಮ್ಮ ಹಿರಿಯರು ಅದನ್ನು ಪಾಲಿಸಿದ್ದು ಸರಿಯೇ. ಊರು ಎಸೆದದ್ದನ್ನು ತಿನ್ನೆವು ಎನ್ನುವುದು ಬೇರೆ, ನಮ್ಮ ಕೂಸಿಗೆ ತಾಜಾ ಮಾಂಸ ಬೇಡ ಎನ್ನುವುದು ಬೇರೆ. ಕೆಲವು ಕಡೆ ಈ ಎರಡೂ ಕಲಸಿಹೋಗಿ, ಓದಿದ ನಮ್ಮವರೇ ಮಕ್ಕಳಿಗೆ ಮೊಟ್ಟೆ ತಿನಿಸಲು ನಾಚುತ್ತಾರೆ. 2020ರ ಗೋಹತ್ಯೆ ನಿಷೇಧ ಕಾಯ್ದೆ ಅಗ್ಗದ ಮಾಂಸವನ್ನೂ ಕಸಿಯಿತು. 2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಸಾಲೆಗಳಲ್ಲಿ ಮೊಟ್ಟೆ ಅಥವಾ ಬಾಳೆಹಣ್ಣು ಕೊಡಲು ಸುರುವಾದಾಗ ಕೆಲವು ಮಠಾಧೀಶರು ಬೀದಿಗೆ ಇಳಿದರು. ಬೇಡದವರಿಗೆ ಬಾಳೆಹಣ್ಣು ಇದ್ದೇ ಇತ್ತು. ಉಣ್ಣುವ ಮಕ್ಕಳ ತಟ್ಟೆಗೆ ಕೈಹಾಕುವ ಅಧಿಕಾರ ಅವರಿಗೆ ಕೊಟ್ಟವರು ಯಾರು?

ಹಾಲು ಮಾರುವ ಹಕ್ಕಿನ ಕಥೆಯೂ ಇದಕ್ಕೇ ಅಂಟಿಕೊಂಡಿದೆ. 1974ರ ಮೇಲೆ ವಿಶ್ವಬ್ಯಾಂಕಿನ ಸಾಲದಿಂದ ರಾಜ್ಯದಲ್ಲಿ ಡೇರಿಗಳು ಎದ್ದವು. ದಲಿತರೂ ಸಾಲ ತೆಗೆದು ಎಮ್ಮೆ ಕಟ್ಟಿದರು. 2006ರಲ್ಲಿ ಹನ್ನೊಂದು ರಾಜ್ಯಗಳ 565 ಹಳ್ಳಿಗಳ ಅಧ್ಯಯನವೊಂದು ಪುಸ್ತಕವಾಗಿ ಬಂತು. ಸುಮಾರು ಅರ್ಧ ಹಳ್ಳಿಗಳಲ್ಲಿ ದಲಿತರು ಹಾಲು ಮಾರುವುದಕ್ಕೆ ತಡೆ ಇತ್ತೆಂದೂ, ಕಾಲುಭಾಗದಲ್ಲಿ ಕೊಳ್ಳುವುದಕ್ಕೂ ತಡೆ ಇತ್ತೆಂದೂ ಅದರಲ್ಲಿದೆ. ನಮಗೆ ಗೊತ್ತಿರುವ ಒಂದು ಊರಲ್ಲಿ ಹೀಗಾಯಿತು: "ನಿಮ್ದ ಜಿಡ್ಡ ಕಮ್ಮಿ ಐತಿ, ನಾಳಿ ಬಾ ಅಂದ್ರು. ನಾಳಿಗಿ ಹ್ವಾದ್ರ ಮತ್ತ ಹಂಗ. ಅದ ಹಾಲ ಬ್ಯಾರೆ ಓಣಿಯವ್ರ ಕ್ಯಾನಿನ್ಯಾಗ ಹಾಕಿ ಕಳಿಸಿದ್ರ ಜಿಡ್ಡ ಬಂತು!" ಡೇರಿ ತೆಗೆದುಕೊಂಡ ಊರುಗಳಲ್ಲೂ ಇನ್ನೊಂದು ಇಕ್ಕಟ್ಟು. ಸಾಲದ ಕಂತು ಕಟ್ಟಲು ಹಾಲೆಲ್ಲ ಕ್ಯಾನಿಗೆ ಹೋಗುತ್ತದೆ, ಬಂದ ರೊಕ್ಕದಲ್ಲಿ ಕೂಸಿಗೆ ಬಿಸ್ಕೀಟು ಬರುತ್ತದೆ.

ಬಿಸ್ಕೀಟು, ಗ್ರೈಪ್ ವಾಟರ್, ಟಾನಿಕ್ಕು, ಚಾಕೋಲೇಟ್ ಬಣ್ಣದ ಪುಡಿ. ಇಂದು ಸಂತೆಯಲ್ಲಿ ಹತ್ತು ರೂಪಾಯಿಯ ಚೀಟಿನಲ್ಲೂ 'ಶಕ್ತಿ' ಸಿಗುತ್ತದೆ. ನಮ್ಮ ದೇಶದಲ್ಲಿ ಮಾರುವ ಸೆರೆಲ್ಯಾಕಿನಲ್ಲಿ ಸಕ್ಕರೆ ಸೇರಿಸಿರುತ್ತಾರೆ, ಯುರೋಪಿನ ಅದೇ ಬಗೆಯ ಡಬ್ಬಿಯಲ್ಲಿ ಸೇರಿಸುವುದಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಘಟನೆ ವರದಿ ಕೊಟ್ಟಿತು. ಆಮೇಲೆ ಕಂಪನಿ ಸಕ್ಕರೆ ಇಲ್ಲದ ಬಗೆಗಳನ್ನೂ ತರುತ್ತೇವೆ ಎಂದಿತು. ಇವುಗಳ ನಡುವೆ ನಿಜವಾಗಿ ಕೆಲಸಕ್ಕೆ ಬರುವ ಪೂರಕ ಒಂದಿದೆ, ಅದಕ್ಕೆ ಜಾಹೀರಾತು ಇಲ್ಲ. ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಕಬ್ಬಿಣದ ಸಿರಪ್ಪು. 2018ರ ಯೋಜನೆಯಂತೆ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರು, ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ. ಮಲ ಕಪ್ಪಾಗುತ್ತದೆ, ಅದನ್ನು ನೋಡಿ ತಾಯಿ ಹೆದರಿ ನಿಲ್ಲಿಸುತ್ತಾಳೆ. ಕಪ್ಪಾಗುವುದು ಸಹಜ ಎಂದು ಒಂದು ಮಾತು ಹೇಳುವವರು ಬೇಕು.

ಅಡಿಗೆಮನೆಯಲ್ಲಿ ಇರುವುದನ್ನೂ ಹೇಳುತ್ತೇವೆ. ನೀರಂಬಲಿಯಿಂದ ಕೂಸಿನ ಮುಷ್ಟಿಯಷ್ಟು ಹೊಟ್ಟೆ ತುಂಬುತ್ತದೆ, ಬಲ ಬರುವುದಿಲ್ಲ. ಚಮಚೆಯಿಂದ ಜಾರದಷ್ಟು ಗಟ್ಟಿ ನುಚ್ಚು, ಅದರಲ್ಲಿ ಬೇಳೆ, ನುಣ್ಣಗೆ ಅರೆದ ಶೇಂಗಾ, ಒಂದು ಚಮಚೆ ಎಣ್ಣೆ. ಬೂಷ್ಟು ಹಿಡಿದ ಶೇಂಗಾ ಬೇಡ, ಇಡೀ ಕಾಳು ಕೊಟ್ಟರೆ ಗಂಟಲಿಗೆ ಸಿಗುತ್ತದೆ. ಸಜ್ಜೆಯಲ್ಲಿ ಕಬ್ಬಿಣ ಜೋಳಕ್ಕಿಂತ ಹೆಚ್ಚು. ಇಂಡಿಯ ಲಿಂಬೆ ಮೂಟೆಗಟ್ಟಲೆ ದೂರದ ಮಾರ್ಕೆಟ್ಟಿಗೆ ಹೋಗುತ್ತದೆ. ಅದರ ನಾಲ್ಕು ಹನಿ ಬೇಳೆಕಟ್ಟಿಗೆ ಹಿಂಡಿದರೆ ಬೇಳೆಯ ಕಬ್ಬಿಣ ಮೈಗೆ ಹತ್ತುತ್ತದೆ. ಚಹಾ ಕುಡಿಸಿದರೆ ಹತ್ತುವುದಿಲ್ಲ, ನಮ್ಮ ಕಡೆ ವರ್ಷದ ಕೂಸಿಗೂ ಚಹಾದಲ್ಲಿ ರೊಟ್ಟಿ ಅದ್ದಿ ಕೊಡುವುದುಂಟು. ಮೊಳಕೆ ಕಟ್ಟಿ ಒಣಗಿಸಿ ಹುರಿದ ಗೋಧಿ ಹಿಟ್ಟು ಒಂದು ಚಮಚೆ ಬೆರೆಸಿದರೆ ಗಟ್ಟಿ ಗಂಜಿ ನುಂಗಲು ಸಲೀಸಾಗುತ್ತದೆ, ಬಲ ಕಡಿಮೆಯಾಗುವುದಿಲ್ಲ. ಜೋಳದ ಮೊಳಕೆ ಮಾತ್ರ ಬೇಡ. ಎಳೆ ಜೋಳ ಮೇಯ್ದ ದನ ಬಿದ್ದು ಸಾಯುವುದನ್ನು ರೈತರು ನೋಡಿದ್ದಾರೆ, ಅದೇ ವಿಷ ಮೊಳಕೆಯಲ್ಲೂ ಇದೆ.

ಆದರೆ ಇದೆಲ್ಲ ದಿನಕ್ಕೆ ಮೂರು ನಾಲ್ಕು ಸಲ ಕೂತು ಉಣಿಸುವ ಕೆಲಸ. ಯಾರು ಕೂರಬೇಕು? 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಆಲಮಟ್ಟಿಗೆ ಅಡಿಗಲ್ಲು ಇಟ್ಟರು. ಬಾಗೇವಾಡಿ ಮುದ್ದೇಬಿಹಾಳದ ಹೊಲಗಳು ನೀರಲ್ಲಿ ಮುಳುಗಿದವು, ನೀರು ಮಾತ್ರ ಎಲ್ಲ ಹೊಲಕ್ಕೆ ಬರಲಿಲ್ಲ. ದಸರಾ ದಾಟಿತೆಂದರೆ ತಾಂಡಾ, ಕೇರಿ ಖಾಲಿ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ. ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲಿ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಡಬೇಕೆಂದು ಬರೆದಿತ್ತು. 2023ರಲ್ಲಿ ರಾಜ್ಯ ಸರಕಾರ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು, ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸುಗಳಿಗೆ. ಯಾರ ಹಾಲು ಯಾವ ಪುಡಿ ಎಂಬ ನೂರೈವತ್ತು ವರ್ಷಗಳ ಗದ್ದಲದಲ್ಲಿ ತಾಯಿಯ ಹೊತ್ತಿನ ಮಾತು ಮುಟ್ಟಿದ ಕೆಲವೇ ಕೆಲಸಗಳಲ್ಲಿ ಇದೊಂದು.

ನಿಮ್ಮ ಊರಿನ ಕೂಸಿನ ಮನೆಗೆ ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ಹೋಗಿ ನೋಡಿರಿ. ಕಳೆ ತೆಗೆಯುವ ಹೆಂಗಸರು ಹೊಲಕ್ಕೆ ಹೊರಡುವ ಹೊತ್ತು ಅದು. ಬಾಗಿಲು ತೆರೆದಿದೆಯೇ, ಒಳಗೆ ಯಾವ ಓಣಿಯ ಕೂಸುಗಳಿವೆ, ಬಟ್ಟಲಲ್ಲಿ ಏನಿದೆ ಎಂದು ಬರೆದುಕೊಳ್ಳಿರಿ. ದಸರಾ ಮುಗಿದ ಮೇಲೆ ಇನ್ನೊಂದು ಸಲ ಹೋಗಿರಿ. ಆಗ ಆ ಕೂಸುಗಳು ಅಲ್ಲಿ ಇರುವುದಿಲ್ಲ. ಕಬ್ಬಿನ ಗ್ಯಾಂಗಿನ ಟ್ರ್ಯಾಕ್ಟರು ಟ್ರೇಲರಿನಲ್ಲಿ, ಗಂಟುಮೂಟೆಗಳ ನಡುವೆ, ಬಾಯಲ್ಲಿ ಬಾಟಲಿ ಇಟ್ಟುಕೊಂಡು ಸಾಂಗಲಿಯ ದಾರಿ ಹಿಡಿದಿರುತ್ತವೆ.